ಮಾವಿನೆಲೆಯ ಪರವಾಗಿ ಏಳು ನಿಮಿಷ

ಕೋಲಾರ ಜಿಲ್ಲೆಯಲ್ಲಿ ನನ್ನನ್ನು ಮಾತಿನಲ್ಲಿ ಸೋಲಿಸಿದವರು ಕಡಿಮೆ. ಇದಕ್ಕೆ ಮುಳಬಾಗಿಲಿನ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ ಸಾಕ್ಷಿಗಳಿವೆ. ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಇಡಲೆಂದು ಅಮ್ಮ ಅದರೊಳಗಿದ್ದ ಪಿಂಗಾಣಿ ಬಟ್ಟಲುಗಳನ್ನು ಅಟ್ಟಕ್ಕೆ ಹಾಕಿದ್ದಳು. ವಿಷಯ ಯಾವುದಾದರೂ ನನಗೆ ಒಂದೇ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಒಮ್ಮೆ ಬೆಳಗ್ಗೆ ಕೋಲಾರದ ಕಾಲೇಜೊಂದರಲ್ಲಿ ಮೊಬೈಲ್ ವರವೆಂದು ಗೆದ್ದು, ಮಧ್ಯಾಹ್ನ ಮಾಲೂರಿಗೆ ಬಸ್ ಹತ್ತಿ ಹೋಗಿ ಮೊಬೈಲ್ ಶಾಪವೆಂದು ಗೆದ್ದಿದ್ದೆ.

"ಇಷ್ಟು ಮಾತಾಡ್ತೀಯಲ್ಲೇ, ಅದ್ರಲ್ಲಿ ಒಂದನ್ನಾದ್ರೂ ನಂಬ್ತೀಯಾ?" ಎಂದು ಅಮ್ಮ ಕೇಳಿದ್ದಳು. ನಂಬಿಕೆ ಎನ್ನುವುದು ವಾದ ಮಾಡಲಾಗದವರ ಆಸ್ತಿ ಎಂದು ಉತ್ತರಿಸಿ, ಆ ಚರ್ಚೆಯನ್ನೂ ಗೆದ್ದೆ. ಅವತ್ತು ಅಮ್ಮ ನನಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಡಿಗ್ರಿ ಮುಗಿದ ಮೇಲೆ ನನಗೆ ಸಿಕ್ಕಿದ್ದು ಸರ್ಕಾರದ ಒಂದು ತಾತ್ಕಾಲಿಕ ಕೆಲಸ. ಹೆಚ್ಚು ಓದದ, ಆಸ್ಪತ್ರೆ ದೂರವಿರುವ ಬಡವರಿಗೆ ಫೋನಿನಿಂದ ಆರೋಗ್ಯದ ಅನುಕೂಲ ಪಡೆಯುವುದನ್ನು ಕಲಿಸಬೇಕು. ವಿಡಿಯೋ ಕರೆಯಲ್ಲಿ ಡಾಕ್ಟರ ಜೊತೆ ಮಾತಾಡುವುದು, ಗಾಯವನ್ನು ವಿಡಿಯೋ ತೆಗೆದು ಕಳಿಸುವುದು, ವಾಟ್ಸಾಪಿನಲ್ಲಿ ಬರುವ ಸುಳ್ಳು ಮದ್ದುಗಳನ್ನು ಗುರುತಿಸುವುದು. ತರಬೇತಿಯ ದಿನವೇ ನಾನು ಎದ್ದು ನಿಂತು, ಜ್ವರ ಬಂದವಳಿಗೆ ಬೇಕಾದ್ದು ಆಸ್ಪತ್ರೆಗೆ ಬಸ್ಸೋ ಫೋನಿಗೆ ನೆಟ್‌ವರ್ಕೋ ಎಂದು ಸಾಹೇಬರನ್ನು ಹದಿನೈದು ನಿಮಿಷ ಹಿಡಿದಿಟ್ಟೆ. ಅವರು ಬೆವರು ಒರೆಸಿಕೊಂಡು, "ಚೆನ್ನಾಗಿ ಮಾತಾಡ್ತೀಯಮ್ಮ. ನಿಂಗೆ ಜಾಸ್ತಿ ಹಳ್ಳಿ ಕೊಡ್ತೀನಿ," ಎಂದರು. ಅದು ಶಿಕ್ಷೆಯೆಂದು ನನಗೆ ಹೊಳೆಯಲಿಲ್ಲ, ಬಹುಮಾನವೆಂದೇ ತಿಳಿದೆ.

ಹೀಗೆ ಒಂದು ಮಧ್ಯಾಹ್ನ ವಕ್ಕಲೇರಿ ಕಡೆಯ ಒಂದು ಹಳ್ಳಿಯ ಅಂಗನವಾಡಿಗೆ ಹೋದೆ. ಮೂವತ್ತು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಮುಂದಿನ ಸಾಲಿನಲ್ಲೇ ಕೂತವಳೊಬ್ಬಳು ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕವರಿನ ಮೇಲಿಂದಲೇ ಒತ್ತುತ್ತಿದ್ದಳು. ಐವತ್ತರ ಆಸುಪಾಸು. ಗಂಡ ಟೊಮೆಟೊ ಮಂಡಿಯಲ್ಲಿ ಹಮಾಲಿ. ಜಮೀನಿಲ್ಲ, ಎರಡು ಸೀಮೆಹಸುಗಳಿವೆ. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದಾಳೆ. ಇಷ್ಟನ್ನೂ ಆ ಊರಿನ ಆಶಾ ಕಾರ್ಯಕರ್ತೆ ನನಗೆ ಬಾಗಿಲಲ್ಲೇ ಹೇಳಿದ್ದಳು. ಜೊತೆಗೆ ಇನ್ನೊಂದು ಮಾತೂ ಹೇಳಿದ್ದಳು: "ಮೇಡಂ, ಐದಕ್ಕೆ ಮುಗ್ಸಿಬಿಡಿ. ಆಮೇಲೆ ಹಾಲು ಕರ್ದು ಡೈರಿಗೆ ಹಾಕ್ಬೇಕು, ಯಾರೂ ನಿಲ್ಲಲ್ಲ."

"ಮುಗಿಸ್ತೀನಿ ಅಕ್ಕ," ಎಂದೆ. ಸ್ಪರ್ಧೆಗಳಲ್ಲಿ ಸಮಯ ಮುಗಿಯಿತೆಂದು ಹೊಡೆದ ಯಾವ ಗಂಟೆಗೂ ನಾನು ಮಾತು ನಿಲ್ಲಿಸಿದವಳಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ.

ಮೊದಲ ಗಂಟೆ ಸೊಗಸಾಗಿ ನಡೆಯಿತು. ವಿಡಿಯೋ ತೆಗೆಯುವುದನ್ನು ಕಲಿಸಿದೆ. ನನ್ನನ್ನೇ ಗಾಯವೆಂದು ಭಾವಿಸಿ ತೆಗೆಯಿರಿ ಎಂದೆ. ತೆಗೆದರು, ಒಬ್ಬರಿಗೊಬ್ಬರು ಕಳಿಸಿಕೊಂಡರು, ನನ್ನ ಮೂಗು ದೊಡ್ಡದಾಗಿ ಬಂದಿದೆಯೆಂದು ನಕ್ಕರು. ಆಮೇಲೆ ಸುಳ್ಳು ಮದ್ದಿನ ಪಾಠ. ಫೋನಿನಲ್ಲಿ ಏನು ಬಂದರೂ ಮೂರು ಪ್ರಶ್ನೆ ಕೇಳಿ ಎಂದು ಕಪ್ಪು ಹಲಗೆಯ ಮುಂದೆ ನಿಂತು ಮೂರು ಬೆರಳು ಎತ್ತಿದೆ. ಹೇಳುತ್ತಿರುವವರು ಯಾರು? ಹೇಳಿದರೆ ಅವರಿಗೇನು ಲಾಭ? ಪರೀಕ್ಷೆ ಮಾಡಿ ನೋಡುವುದು ಹೇಗೆ? ಮೂವತ್ತು ಜನವೂ ಬಾಯಿಪಾಠ ಒಪ್ಪಿಸಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಇಷ್ಟು ಒಳ್ಳೆಯ ಸಭೆ ಸಿಕ್ಕಿದಾಗ ಬರಿಯ ಪಾಠ ಮಾಡುವುದು ನನ್ನಂಥವಳಿಗೆ ಅವಮಾನ. ಆ ದಿನಗಳಲ್ಲಿ ಒಂದು ಸಂದೇಶ ಓಡಾಡುತ್ತಿತ್ತು, ಮಾವಿನ ಚಿಗುರೆಲೆಯ ಕಷಾಯ ಕುಡಿದರೆ ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡವೆಂದು. ಮೊದಲು ಅದರ ಪರವಾಗಿ ವಾದಿಸುತ್ತೇನೆ, ಆಮೇಲೆ ನಾನೇ ಅದನ್ನು ಪುಡಿಪುಡಿ ಮಾಡುತ್ತೇನೆ, ಸುಳ್ಳು ಹೇಗೆ ಕೆಲಸ ಮಾಡುತ್ತದೆಂದು ಇವರಿಗೆ ಕಣ್ಣೆದುರೇ ಕಾಣಲಿ ಎಂದು ಲೆಕ್ಕ ಹಾಕಿದೆ. ಈ ಲೆಕ್ಕವನ್ನು ಅವರಿಗೆ ಹೇಳಲಿಲ್ಲ. ಮೊದಲೇ ಹೇಳಿದರೆ ಬೆರಗು ಎಲ್ಲಿರುತ್ತದೆ?

ಏಳು ನಿಮಿಷ ಮಾತಾಡಿದೆ. ಅಂಥ ಏಳು ನಿಮಿಷ ನನ್ನ ಜೀವನದಲ್ಲಿ ಮತ್ತೆ ಬಂದಿಲ್ಲ. "ನಮ್ಮ ಶ್ರೀನಿವಾಸಪುರದ ಮಾವು ಇಡೀ ದೇಶಕ್ಕೆ ಸಿಹಿ ಹಂಚ್ತದೆ. ಸಿಹಿ ಕೊಡೋಕೆ ಗೊತ್ತಿರೋ ಮರಕ್ಕೆ ಸಿಹಿ ತೆಗ್ಯೋಕೆ ಗೊತ್ತಿರಲ್ವಾ ತಾಯಂದಿರೇ?" ಎಂದೆ. ತರ್ಕವೇ ಇಲ್ಲದ ಮಾತು. ಆದರೆ ಸಭೆ 'ಹೌದಲ್ಲಾ' ಎಂದು ಉಸಿರು ಬಿಟ್ಟಿತು. ಆವೇಶ ಬಂದಾಗ ತೆಲುಗಿಗೆ ಜಾರುವುದು ನಮ್ಮ ಮುಳಬಾಗಿಲಿನವರ ಚಾಳಿ; ಕೊನೆಯ ಎರಡು ನಿಮಿಷ ತೆಲುಗಿನಲ್ಲೇ ಹರಿದೆ. ಚಪ್ಪಾಳೆ ಬಿತ್ತು. ವಿರೋಧದ ಭಾಗಕ್ಕೆ ಗಂಟಲು ಸರಿಮಾಡಿಕೊಳ್ಳಲು ತಿರುಗಿ ನೀರು ಕುಡಿದೆ. ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮೂವತ್ತು ಜನವೂ ಎದ್ದಾಗಿತ್ತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ಇನ್ನರ್ಧ ಇದೆ!"

"ಹಸ ಕೂಗ್ತಾ ಐತೆ ಅಮ್ಮಣ್ಣಿ," ಎಂದಳು ಮುಂದಿನ ಸಾಲಿನವಳು, ಫೋನಿಗೆ ರಬ್ಬರ್ ಬ್ಯಾಂಡ್ ಹಾಕುತ್ತ. "ಬೋ ಚೆನ್ನಾಗ್ ಹೇಳ್ದೆ. ಕಣ್ಣಲ್ಲಿ ನೀರೇ ಬಂತು."

ವಿರೋಧದ ವಾದವನ್ನು ನಾನು ಬಿಡಲಿಲ್ಲ. ಚಾಪೆ ಸುತ್ತುತ್ತಿದ್ದ ಆಶಾ ಅಕ್ಕನಿಗೂ ಹೊಸ್ತಿಲಲ್ಲಿ ಮಲಗಿದ್ದ ಒಂದು ನಾಯಿಗೂ ಪೂರ್ತಿ ಹೇಳಿದೆ. ಇಬ್ಬರೂ ಎದುರು ಮಾತಾಡಲಿಲ್ಲವಾದ್ದರಿಂದ ಗೆದ್ದೆನೆಂದುಕೊಂಡು ಬಸ್ ಹತ್ತಿದೆ.

ಎರಡು ವಾರದ ಮೇಲೆ ಮುಳಬಾಗಿಲಿನಿಂದ ಅಮ್ಮ ಒಂದು ವಿಡಿಯೋ ಕಳಿಸಿದಳು. ತೆರೆದರೆ ನಾನೇ. ಕುತ್ತಿಗೆಯಲ್ಲಿ ಇಲಾಖೆಯ ಗುರುತಿನ ಚೀಟಿ, ಹಿಂದೆ ಅಂಗನವಾಡಿಯ ಅಕ್ಷರಮಾಲೆ, ಬಾಯಲ್ಲಿ ಮಾವಿನೆಲೆ. ಕೆಳಗೆ ಯಾರೋ 'ಸರ್ಕಾರದವರೇ ಒಪ್ಪಿದ ಮದ್ದು, ಎಲ್ಲರಿಗೂ ಕಳಿಸಿ' ಎಂದು ಸೇರಿಸಿದ್ದರು. ರಾಯಲ್ಪಾಡಿನ ನಮ್ಮ ನೆಂಟರಿಂದ ಅಮ್ಮನಿಗೆ ಬಂದಿತ್ತಂತೆ. "ಮೊದಲ್ನೇ ಸಲ ನೀನು ಮನಸಿಟ್ಟು ಮಾತಾಡಿದ್ದು ನೋಡ್ದೆ ಕಣೇ," ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು. ನನ್ನ ಪಾಠ ಫಲ ಕೊಟ್ಟಿತ್ತು. ವಿಡಿಯೋ ತೆಗೆಯುವುದನ್ನೂ ಕಳಿಸುವುದನ್ನೂ ಅವರು ಚೆನ್ನಾಗಿಯೇ ಕಲಿತಿದ್ದರು.

ಅದೇ ಗಳಿಗೆಯಲ್ಲಿ ಕೂತು, ಆ ಮಾತೆಲ್ಲ ಸುಳ್ಳು, ಮಾತ್ರೆ ನಿಲ್ಲಿಸಬೇಡಿ ಎಂದು ಇನ್ನೊಂದು ವಿಡಿಯೋ ಮಾಡಿ ಎಲ್ಲರಿಗೂ ಕಳಿಸಿದೆ. ಸತ್ಯ ಹೇಗೂ ಗೆಲ್ಲುತ್ತದೆಂಬ ಭರವಸೆ. ಇಂಥ ಭರವಸೆ ಇಟ್ಟುಕೊಂಡ ಎದುರಾಳಿಗಳನ್ನು ನಾನೇ ಎಷ್ಟೋ ವೇದಿಕೆಗಳಲ್ಲಿ ಸೋಲಿಸಿದ್ದೆ.

ಮೂರನೇ ದಿನ ಆಶಾ ಅಕ್ಕ ಫೋನ್ ಮಾಡಿದಳು. "ಮೇಡಂ, ಮುಂದೆ ಕೂತಿದ್ಲಲ್ಲ, ಆವಮ್ಮ ಮಾತ್ರೆ ಬಿಟ್ಟವಳೆ. ಹಸ ಕಾಲು ತುಳ್ದು ಕಿರುಬೆರಳು ಗಾಯ ಆಗೈತೆ, ಮಾಯ್ತಿಲ್ಲ. ನಾನೇಳಿದ್ರೆ ಕೇಳಲ್ಲ. ಆ ಅಮ್ಮಣ್ಣಿ ಹೇಳೈತೆ ಅಂತಾಳೆ. ನೀವೇ ಬರ್ಬೇಕು."

ಬಸ್ಸಿನಲ್ಲಿ ಹೋಗುವಾಗ ವಾದದ ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡೆ. ಮುಖ್ಯ ಅಂಶ ಐದು, ಉಪ ಅಂಶ ಹನ್ನೆರಡು.

ಮುಂದಿನ ಸಾಲಿನವಳು ತನ್ನ ಕೊಟ್ಟಿಗೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಕಿರುಬೆರಳಿಗೆ ಅರಿಶಿನ ಮೆತ್ತಿತ್ತು. ಸುತ್ತಲಿನ ಚರ್ಮ ಊದಿ ಹೊಳೆಯುತ್ತಿತ್ತು, ಬೆರಳಿನ ತುದಿ ಕಪ್ಪಗಾಗುತ್ತಿತ್ತು. ನನ್ನನ್ನು ಕಂಡು ಅವಳ ಮುಖ ಅರಳಿತು. ಆಶಾ ಅಕ್ಕ ತನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ನಾನು ಶುರು ಮಾಡಿದೆ. ಮೂರನೇ ಅಂಶಕ್ಕೆ ಬರುವಷ್ಟರಲ್ಲಿ ಅವಳು ಕೈ ಎತ್ತಿದಳು.

"ನಿನ್ ಎರಡ್ನೇ ವಿಡಿಯೋನೂ ನೋಡಿದೀನಿ ಅಮ್ಮಣ್ಣಿ. ನೀನೇ ಕಲ್ಸಿದ್ದಲ್ಲ, ಮೂರು ಪ್ರಶ್ನೆ? ಹಾಕ್ದೆ. ಹೇಳ್ದೋರು ಯಾರು? ಎರಡ್ರಲ್ಲೂ ನೀನೇ. ಲಾಭ ಯಾರಿಗೆ? ಮೊದಲ್ನೇದ್ರಲ್ಲಿ ನಿಂಗೇನೂ ಲಾಭ ಇರ್ಲಿಲ್ಲ, ಮಾವಿನ ಮರ ನಿಂದಲ್ಲ. ಎರಡ್ನೇದು ಹೇಳೋವಾಗ ನಿನ್ ಮುಖದಲ್ಲಿ ಭಯ ಇತ್ತು. ಮೇಲಿನೋರು ಗದ್ರವ್ರೆ, ಕೆಲ್ಸ ಹೋಗ್ತದೆ ಅಂತ ಹೇಳ್ಸವ್ರೆ. ಹೌದೋ ಅಲ್ವೋ?"

"ಅಲ್ಲ! ಅವತ್ತು ನಾನು ಹೇಳಿದ್ದು ಬರೀ ಪರ ವಾದ. ವಿರೋಧ ಹೇಳೋ ಮುಂಚೆ ನೀವು ಎದ್ದು ಹೋದ್ರಿ!"

"ಅಂದ್ರೆ, ನಂಬ್ದೇ ಇರೋದನ್ನ ಕಣ್ಣಲ್ಲಿ ನೀರು ಬರೋ ಹಂಗೆ ಹೇಳ್ದಾ?"

"ಹೌದು."

"ಹಂಗಾದ್ರೆ ಇವತ್ತು ಹೇಳ್ತಿರೋದ್ನ ನಂಬಿ ಹೇಳ್ತಿದೀಯ ಅಂತ ನಾನೆಂಗೆ ನಂಬ್ಲಿ?"

ಚೀಟಿಯ ಹದಿನೇಳು ಅಂಶಗಳನ್ನೂ ಮೇಲಿಂದ ಕೆಳಗೆ ಹುಡುಕಿ, ಚೀಟಿ ಮಡಚಿದೆ. ಅವಳು ಕೇಳಿದ್ದು ಅಮ್ಮ ಕೇಳಿದ ಪ್ರಶ್ನೆಯನ್ನೇ, ಇನ್ನೂ ಹರಿತವಾಗಿ. ವೇದಿಕೆಯಲ್ಲಾಗಿದ್ದರೆ ತೀರ್ಪುಗಾರರ ಕಡೆ ತಿರುಗಿ ಮುಗುಳ್ನಗುತ್ತಿದ್ದೆ. ಇಲ್ಲಿ ತಿರುಗಿದರೆ ಇದ್ದದ್ದು ಹಸು.

"ಪೋನಿ, ಹೋಗ್ಲಿ ಬಿಡಮ್ಮ," ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. "ನೀನು ಅವತ್ತು ಹೇಳಿದ್ದೂ ಬಾಯಿ ಮಾತೇ, ಇವತ್ತಿಂದೂ ಬಾಯಿ ಮಾತೇ. ಹಾಲಿಗೆ ನೀರು ಹಾಕಿಲ್ಲ ಅಂತ ಬಾಯಲ್ಲಿ ಹೇಳಿದ್ರೆ ಡೈರಿಲಿ ಒಪ್ತಾರಾ? ಮಿಷನ್ಗೆ ಹಾಕಿ ನೋಡ್ತಾರೆ. ಮೂರ್ನೇ ಪ್ರಶ್ನೆ ಅದೇ ತಾನೆ?"

"ಸಕ್ಕರೆ ನೋಡೋ ಮಿಷನ್ ನನ್ ಚೀಲ್ದಲ್ಲೇ ಐತೆ," ಎಂದಳು ಆಶಾ ಅಕ್ಕ. "ಉಪಕೇಂದ್ರದಿಂದ ತಂದು ಆಗ್ಲಿಂದ ಕೂತಿದೀನಿ. ಮೇಡಂ ಮಾತು ಮುಗೀಲಿ ಅಂತ."

ಅವಳ ಕೈಬೆರಳ ತುದಿಗೆ ಚುಚ್ಚಿದಳು. ಒಂದು ಹನಿ ರಕ್ತ. ಸಣ್ಣ ಪರದೆಯಲ್ಲಿ ನಾನೂರ ಹನ್ನೆರಡು ಎಂದು ಬಂತು. ಮಾತ್ರೆ ನುಂಗುತ್ತಿದ್ದಾಗ ಎಷ್ಟಿತ್ತೆಂದು ಆಶಾ ಅಕ್ಕ ತನ್ನ ಪುಸ್ತಕ ತೆರೆದು ತೋರಿಸಿದಳು. ಅದರ ಅರ್ಧವೂ ಇರಲಿಲ್ಲ. ಕಾಯಿಲೆಯವಳಿಗೆ ಅಕ್ಷರ ಬಾರದಿದ್ದರೂ ದಿನಾ ಡೈರಿಯ ಚೀಟಿ ನೋಡಿ ಅಂಕಿ ಗೊತ್ತಿತ್ತು. ಪುಸ್ತಕವನ್ನೂ ಪರದೆಯನ್ನೂ ಎರಡೆರಡು ಸಲ ನೋಡಿದಳು. ಎರಡೇ ನಿಮಿಷ. ಆಮೇಲೆ ಎದ್ದು, ಪಕ್ಕದ ಮನೆಯವಳನ್ನು ಕೂಗಿ ಹಸುಗಳನ್ನು ಒಪ್ಪಿಸಿ, "ನಡೀರಿ," ಎಂದಳು.

ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ ಹುಬ್ಬು ಗಂಟಿಕ್ಕಿದರು. "ಇನ್ನೊಂದು ವಾರ ಬಿಟ್ಟಿದ್ರೆ ಬೆರಳೇ ತೆಗೀಬೇಕಾಗಿತ್ತು. ಯಾರಮ್ಮ ಮಾತ್ರೆ ನಿಲ್ಸು ಅಂದೋರು?"

"ಫೋನಲ್ಲಿ ಒಬ್ರು ಹೇಳಿದ್ರು ಸ್ವಾಮಿ."

"ಅಂಥೋರನ್ನ ಒಳಗಡೆ ಹಾಕ್ಬೇಕು."

ಅವಳು ನನ್ನ ಕಡೆ ನೋಡಲೂ ಇಲ್ಲ. ನನ್ನ ತಲೆ ಮಾತ್ರ ಕ್ಷಣಾರ್ಧದಲ್ಲಿ ಮೂರು ಸಮರ್ಥನೆಗಳನ್ನು ಸಾಲಾಗಿ ನಿಲ್ಲಿಸಿತು: ಸಂದರ್ಭ ಬಿಟ್ಟು ಉಲ್ಲೇಖಿಸಿದ್ದು, ಉದ್ದೇಶ ಒಳ್ಳೆಯದು, ಸಭಿಕರ ಅವಸರ. ಮೂರೂ ಗಟ್ಟಿಯಾದವೇ. ಮೂರನ್ನೂ ನುಂಗಿಕೊಂಡು, "ನಾನೇ ಸಾರ್," ಎಂದೆ.

ಡಾಕ್ಟರು ನನ್ನ ಗುರುತಿನ ಚೀಟಿಯನ್ನೂ ಮುಖವನ್ನೂ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. "ಬಾಮ್ಮ ಇಲ್ಲಿ. ಈ ಕಾಲು ಅಲ್ಲಾಡದ ಹಂಗೆ ಹಿಡ್ಕೋ," ಎಂದರು.

ಹಿಡಿದುಕೊಂಡೆ. ಅರಿಶಿನ ತೊಳೆದಾಗ ಅದರ ಕೆಳಗಿದ್ದದ್ದನ್ನು ನೋಡಿದೆ, ವಾಸನೆಯೂ ಬಂತು. ಅವಳು ಹಲ್ಲು ಕಚ್ಚಿ ಮೇಲಿನ ಫ್ಯಾನನ್ನು ನೋಡುತ್ತಿದ್ದಳು. ಮೊದಲು ಬೆವರಿದ್ದು ನಾನು. "ಏ, ಆ ಅಮ್ಮಣ್ಣಿನ ಕೂರ್ಸ್ರೀ," ಎಂದು ಮಂಚದ ಮೇಲಿನಿಂದ ಅವಳೇ ಕೂಗಿದಳು. ರೋಗಿಯನ್ನು ಕರೆತಂದ ಸರ್ಕಾರಿ ಕಾರ್ಯಕರ್ತೆ, ಅಂದರೆ ನಾನು, ಹತ್ತು ನಿಮಿಷ ರೋಗಿಯ ಪಕ್ಕದಲ್ಲೇ ತಲೆ ಬಗ್ಗಿಸಿ ಗ್ಲೂಕೋಸ್ ನೀರು ಕುಡಿದೆ.

ಬೆರಳು ಉಳಿಯುತ್ತದೆ, ದಿನ ಬಿಟ್ಟು ದಿನ ಬಂದು ಗಾಯ ಕಟ್ಟಿಸಿಕೊಳ್ಳಬೇಕು, ಮಾತ್ರೆ ಒಂದು ಹೊತ್ತೂ ತಪ್ಪಬಾರದು ಎಂದು ಡಾಕ್ಟರು ಹೇಳಿ ಚೀಟಿ ಕೊಟ್ಟರು. ಹೊರಗೆ ಬೆಂಚಿನ ಮೇಲೆ ಕೂತು ಅವಳು ಚೀಟಿಯನ್ನು ನನ್ನ ಕೈಗಿಟ್ಟಳು.

"ಓದು. ನಿನ್ ಮಾತು ಸೇರಿಸ್ಬೇಡ, ಅದ್ರಲ್ಲಿ ಇರೋದಷ್ಟೇ ಓದು."

ಓದಿದೆ. ಅವಳು ಬೆರಳು ಮಡಚುತ್ತ ತಿರುಗಿ ಹೇಳಿದಳು. ಬೆಳಗ್ಗೆ ಊಟಕ್ಕೆ ಮುಂಚೆ ಒಂದು, ರಾತ್ರಿ ಒಂದು.

"ಹಿಂದೆ ಏನಾದ್ರೂ ಬರ್ದವ್ರಾ? ಪೂರ್ತಿ ನೋಡು."

ತಿರುಗಿಸಿದೆ. ಹಿಂದೆ ಕ್ಯೂಆರ್ ಕೋಡ್ ಅಚ್ಚಾಗಿತ್ತು.

"ಟೀ ಅಂಗ್ಡಿಲಿ ಅಂಟ್ಸಿರ್ತಾರಲ್ಲ, ಅದಲ್ವಾ?"

"ಅದೇ ಥರದ್ದು. ಫೋನಿಗೆ ತೋರಿಸಿದ್ರೆ ನಿಮ್ಮ ರಕ್ತದ ಲೆಕ್ಕ, ಮಾತ್ರೆ, ಮುಂದೆ ಬರೋ ದಿನ ಎಲ್ಲ ಬರುತ್ತೆ. ಯಾವಾಗ ಬೇಕಾದ್ರೂ ನೋಡ್ಕೋಬಹುದು."

ಅವಳು ಚೀಟಿಯನ್ನು ವಾಪಸ್ ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಅದ್ರಲ್ಲಿ ನೀನು ಬರ್ತೀಯಾ?"

"ಇಲ್ಲ."

"ಹಂಗಾದ್ರೆ ಕಲ್ಸು," ಎಂದು ಫೋನಿನ ರಬ್ಬರ್ ಬ್ಯಾಂಡ್ ಬಿಚ್ಚತೊಡಗಿದಳು.