ಅಂಜಿನಪ್ಪನ ಕಾರು ನಿಂತ ಕಾರಣ

ಚನ್ನಗಿರಿಯಲ್ಲಿ ಆ ಕಾಲಕ್ಕೆ ಕಾರಿನ ಹೊಟ್ಟೆಯೊಳಗಿನ ಸಂಗತಿ ಬಲ್ಲವನು ಅಂಜಿನಪ್ಪನೊಬ್ಬನೇ. ಹಾಗಾಗಿ ಅವನು ಹೇಳಿದ್ದೇ ರೋಗ, ಮಾಡಿದ್ದೇ ಮದ್ದು. ದಾವಣಗೆರೆಯ ಗ್ಯಾರೇಜೊಂದರಲ್ಲಿ ಮೂರು ವರ್ಷ ಸ್ಪ್ಯಾನರ್ ಒರೆಸಿ ಕಲಿತ ವಿದ್ಯೆ. ಡ್ರೈವರನ ಖಾಕಿ ಟೋಪಿ ತಲೆಗೇರಿದ ಮೇಲೆ ಮಾತು ಕಡಿಮೆಯಾಗಿತ್ತು, ಹಾರ್ನು ಜಾಸ್ತಿಯಾಗಿತ್ತು. ಹಾರ್ನ್ ಕೇಳಿದರೆ ಹೆಂಡತಿ ತಿಪ್ಪಮ್ಮ ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ರೊಟ್ಟಿ ಸೀದದ್ದಕ್ಕೆ ಅವನೆಂದೂ ಬೈದವನಲ್ಲ.

ಕಾರು ಅಡಿಕೆ ಮಂಡಿ ಸಾಹುಕಾರ ಕೊಟ್ರಬಸಪ್ಪನವರದು. ಅವರಿಗೆ ಮೊಹರು ಹಾಕುವ ಚಟ. ತುಪ್ಪದ ಗಡಿಗೆ, ಉಪ್ಪಿನಕಾಯಿ ಜಾಡಿ, ಎಲ್ಲಕ್ಕೂ ಕೆಂಪು ಅರಗು ಸುರಿದು ಉಂಗುರ ಒತ್ತಿದರೇ ಅವರಿಗೆ ನಿದ್ದೆ. ನಲವತ್ಮೂರರಲ್ಲಿ, ಯುದ್ಧದಿಂದ ಪೆಟ್ರೋಲಿಗೆ ರೇಷನ್ ಬಿಗಿಯಾದಾಗ, ಟ್ಯಾಂಕಿನ ಮುಚ್ಚಳಕ್ಕೂ ಆ ಗೌರವ ಸಂದಿತು.

"ಆವಿನೂ ಹೊರಗೆ ಹೋಗಬಾರ್ದು ನೋಡಪ್ಪ" ಎಂದು ಮುಚ್ಚಳದ ಮೇಲೆಲ್ಲ ಅರಗು ಮೆತ್ತಿದರು.

ಅಂದಿನಿಂದ ಕಾರು ದಾರಿಯಲ್ಲಿ ನಿಲ್ಲತೊಡಗಿತು. ಊರೊಳಗೆ ಸೊಗಸಾಗಿ ಓಡುವುದು, ಏಳೆಂಟು ಮೈಲಿ ಆಚೆ ಕೆಮ್ಮಿ ನಿಲ್ಲುವುದು. ಅಂಜಿನಪ್ಪ ಪ್ಲಗ್ಗಿನ ತಂತಿ ಎಳೆದು ನೋಡಿದ, ಕಿಡಿ ಇತ್ತು. ಪೆಟ್ರೋಲ್ ಕೊಳವೆ ಬಿಚ್ಚಿದ, ಹನಿ ಬರಲಿಲ್ಲ. ಬಾಯಿಟ್ಟು ಊದಿದ. ಟ್ಯಾಂಕಿನಲ್ಲಿ ಗುಳುಗುಳು ಎಂದು ಸದ್ದಾಗಿ ಪೆಟ್ರೋಲ್ ಹರಿಯಿತು.

"ಕೊಳವೇಲಿ ಕಸ ಐತ್ರಿ" ಎಂದು ತೀರ್ಪು ಕೊಟ್ಟ.

ಮರುಸಲ ಪೆಟ್ರೋಲನ್ನು ಪಂಚೆಯಲ್ಲಿ ಸೋಸಿ ತುಂಬಿದರು, ಮತ್ತೆ ಅರಗು ಬಿತ್ತು. ಕಸ ಒಂದು ದಿನವೂ ಕಾಣಲಿಲ್ಲ. ತೀರ್ಪು ಮಾತ್ರ ಬದಲಾಗಲಿಲ್ಲ.

ಹೀಗಿರುವಾಗ ತಿಪ್ಪಮ್ಮನಿಗೆ ಹೆರಿಗೆ ನೋವು ಬಂತು. ಎರಡು ದಿನ ಕಳೆದರೂ ಕೂಸು ಹೊರಬರಲಿಲ್ಲ. ಸೂಲಗಿತ್ತಿ ಹೊರಗೆ ಬಂದು, "ಅಡ್ಡ ತಿರುಗೇತೆ. ದಾವಣಗೆರೆ ಆಸ್ಪತ್ರೆ ಮುಟ್ಟಿಸಿದ್ರೆ ಉಳೀತಾಳೆ. ಹೊತ್ತು ಮಾಡಬ್ಯಾಡ್ರಿ" ಅಂದಳು.

ಸಾಹುಕಾರರು ಕೆಟ್ಟವರಲ್ಲ. "ಕಾರು ತೆಗಿ, ನಾನೂ ಬರ್ತೀನಿ" ಅಂದರು. ತಾವು ಯಾರೆಂದು ಡಾಕ್ಟರಿಗೆ ತಿಳಿಯಬೇಕಲ್ಲ, ಕೋಟು ತೊಟ್ಟು ರುಮಾಲು ಸುತ್ತುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಹಿಂದಿನ ಸೀಟಿನಲ್ಲಿ ತಿಪ್ಪಮ್ಮನ ತಲೆ ಅವಳ ತಾಯಿ ಚೌಡಮ್ಮನ ತೊಡೆಯ ಮೇಲಿತ್ತು.

ಕೆರೆಬಿಳಚಿ ಹತ್ತಿರ ಕಾರು ನಿಂತಿತು. ಅಂಜಿನಪ್ಪ ಕೊಳವೆ ಬಿಚ್ಚಿ ಊದಿದ, ಹೊರಟಿತು. ಸಂತೇಬೆನ್ನೂರಿನ ಈಚೆ ಮತ್ತೆ ನಿಂತಿತು, ಮತ್ತೆ ಊದಿದ. ಸಂತೇಬೆನ್ನೂರು ದಾಟಿ ಮೂರನೆಯ ಸಲ ನಿಂತಾಗ ತಿಪ್ಪಮ್ಮನ ನರಳಾಟ ಕೇಳಿಸುತ್ತಿರಲಿಲ್ಲ. ಕೊಳವೆಗೆ ಬಾಯಿಟ್ಟ ಅಂಜಿನಪ್ಪನಿಗೆ ಉಸಿರೇ ಏಳಲಿಲ್ಲ, ಬಿಕ್ಕಿದ.

ಚೌಡಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಳಿಯಪ್ಪ, ಸೀಮೆಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀದಿದ್ರೆ ಎಣ್ಣೆ ಬರಲ್ಲ. ಇದಕ್ಕೆ ಇನ್ನೊಂದು ತೂತು ಎಲ್ಲೈತೆ?"

ಅಂಜಿನಪ್ಪ ಮುಚ್ಚಳ ನೋಡಿದ. ಗಾಳಿ ಒಳಹೋಗಲೆಂದೇ ಅದರಲ್ಲಿ ಸೂಜಿಯಷ್ಟು ತೂತಿತ್ತು. ಅವನಿಗೆ ಗೊತ್ತಿತ್ತು, ಹೊಳೆದಿರಲಿಲ್ಲ. ಈಗ ಅದು ಸಾಹುಕಾರರ ಉಂಗುರದ ಗುರುತಿನ ಅಡಿಯಲ್ಲಿತ್ತು. ಸ್ಪ್ಯಾನರಿನಿಂದ ಅರಗಿಗೆ ಒಂದೇ ಏಟು ಹಾಕಿದ. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು.

 

ಆಮೇಲೆ ಕಾರು ಎಲ್ಲೂ ನಿಲ್ಲದೆ ಆಸ್ಪತ್ರೆ ಮುಟ್ಟಿತು. ಡಾಕ್ಟರು ನಾಡಿ ಹಿಡಿದರು, ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು, ಸೆರಗನ್ನು ಮುಖದ ಮೇಲೆ ಎಳೆದರು. "ಒಂದು ಗಂಟೆ ಮುಂಚೆ ಬಂದಿದ್ದರೆ ಇಬ್ಬರೂ..." ಎಂದು ನಿಲ್ಲಿಸಿದರು. ರುಮಾಲು ಸುತ್ತಿದವರು ಯಾರೆಂದು ಕೇಳಲಿಲ್ಲ.

ಇಳಿಹೊತ್ತಿನಲ್ಲಿ ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ, ಅದೇ ತೊಡೆಯ ಮೇಲೆ ತಿಪ್ಪಮ್ಮನನ್ನು ಊರಿಗೆ ತಂದರು. ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ಕೆರೆಬಿಳಚಿ ಬಳಿ ಸಾಹುಕಾರರು ಅಂಜಿನಪ್ಪನ ಹೆಗಲು ಮುಟ್ಟಿ, "ನಿಲ್ಸಪ್ಪ. ಒಂದು ಗಳಿಗೆ ಸುಧಾರಿಸ್ಕೋ" ಅಂದರು.

ಅಂಜಿನಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ಮ್ಯಾಲೆ ಇದು ನಿಲ್ಲಲ್ಲ ಬಿಡ್ರಿ, ಸಾವ್ಕಾರ್ರೆ."