ಚರಗದ ಊಟಕ್ಕೆ ಬಾರದ ಗೆಳತಿಯರು

ಬಳ್ಳಾರಿಯ ಗಾಂಧಿನಗರಕ್ಕೆ ಬಂದ ಮೊದಲ ಸಂಜೆ ಬೀದಿಯಲ್ಲಿ ಒಂದು ಮಗುವಿನ ದನಿಯೂ ಕೇಳಲಿಲ್ಲ. ನಮ್ಮ ಬಾದನಹಟ್ಟಿಯಲ್ಲಿ ಹಾಗಾದರೆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಪಕ್ಕದ ಮನೆಯ ಶಾಂತಕ್ಕನನ್ನು ಮೆಲ್ಲಗೆ ಕೇಳಿದೆ: "ಯಾರು ಹೋದ್ರು ಅಕ್ಕಾ?"

"ಯಾರೂ ಹೋಗಿಲ್ಲ ಬಿಡವಾ. ಹುಡುಗ್ರು ಫೋನಿನಾಗ ಅದಾವು," ಎಂದು ನಕ್ಕಳು.

ನಾನು ಜೀನ್ಸ್ ಹೊಲಿಯುವ ಕೆಲಸಕ್ಕೆ, ಮಗಳು ಗಂಗಾ ಇಂಗ್ಲಿಷ್ ಮಾಧ್ಯಮದ ಏಳನೆಯ ತರಗತಿಗೆ ಸೇರಿದೆವು. ಊರಿನ ಶಾಲೆಯದು ಸೋರುವ ಮಾಡು, ಆದರೆ ಓಡಿ ದಣಿಯುವಷ್ಟು ಬಯಲು. ಇಲ್ಲಿ ಟೈಲ್ಸ್ ನೆಲ. ಬಯಲಿನ ತುಂಬ ಶಾಲೆಯ ಬಸ್ಸುಗಳು. ಆಟದ ಪಿರಿಯಡ್ಡನ್ನು ಗಣಿತ ನುಂಗಿತ್ತು. ಹೋಂವರ್ಕ್ ಫೋನಿಗೇ ಬರುತ್ತದೆ ಎಂದು ಶಾಲೆಯವರು ಹೇಳಿದ್ದರಿಂದ ಅವಳಿಗೊಂದು ಫೋನ್ ಕೊಡಿಸಿದೆ.

ಕೆಲವೇ ದಿನಗಳಲ್ಲಿ ಗಂಗಾ ಕಿವಿಗೆ ವೈರು ಸಿಕ್ಕಿಸಿಕೊಂಡು ಪಟಪಟನೆ ತೆಲುಗು ಮಾತಾಡತೊಡಗಿದಳು. "ಇಟು ರಾ, ಇಟು ರಾ", ಅಂದರೆ ಈ ಕಡೆ ಬಾ. ಬಳ್ಳಾರಿಯಲ್ಲಿ ತೆಲುಗಿಗೇನು ಬರವೇ? ಮಗಳಿಗೆ ತರಗತಿಯಲ್ಲಿ ಗೆಳತಿಯರು ಸಿಕ್ಕರೆಂದು ಹಿಗ್ಗಿದೆ. ನನಗಂತೂ ಆಗ ಹೊಲಿಗೆ ಮಷಿನ್ ಬಿಟ್ಟರೆ ಜೊತೆಗೆ ಯಾರೂ ಇರಲಿಲ್ಲ. ಊಟಕ್ಕೆ ಕರೆದರೆ ಅವಳು ಸಿಡುಕುವುದನ್ನು ಓದಿನ ಭಾರವೆಂದುಕೊಂಡೆ.

ಎಳ್ಳಮಾವಾಸ್ಯೆ ಬಂತು. ಊರಲ್ಲಾದರೆ ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಿ, ಬದುವಿನ ಮೇಲೆ ಹೋಗುವವರನ್ನೆಲ್ಲ ಕರೆದು ಉಣ್ಣಿಸುತ್ತೇವೆ. ಇಲ್ಲಿ ಹೊಲವೆಲ್ಲಿ? ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು ಮಾಡಿ, "ನಿನ್ನ ಗೆಳತ್ಯಾರ್ನ ಕರ್ಕೊಂಡು ಬಾರವಾ," ಎಂದೆ.

ಗಂಗಾ ತಲೆ ತಗ್ಗಿಸಿದಳು. "ಅವ್ರು ಫೋನಿನ ಆಟದಾಗ ಅದಾರವ್ವಾ. ಅವ್ರ ಮಾರಿನೂ ನೋಡಿಲ್ಲ ನಾನು."

"ಸಾಲ್ಯಾಗಿನವ್ರು?"

"ಇಂಗ್ಲಿಷ್ ಓದಿದ್ರ ನಗ್ತಾರ. ಆಟದಾಗ ಯಾರೂ ನಗಂಗಿಲ್ಲ."

ಬೈಯಲು ಬಾಯಿ ತೆರೆದವಳಿಗೆ ಅಳುವೇ ಬಂತು. ಮರುದಿನ ಬುತ್ತಿ ಕಟ್ಟಿಕೊಂಡು ಶಾಲೆಗೇ ಹೋಗಿ ಅವಳ ಟೀಚರಿಗೆ ಎಲ್ಲ ಹೇಳಿದೆ.

"ನಿಮ್ಮ ಮಗಳೊಬ್ಬಾಕಿದ ಕಥಿ ಅಲ್ರಿ ಇದು," ಎಂದರು ಆಕೆ. "ಆಡಾಕ ಜಾಗ ಇಲ್ಲ. ಹೋಂವರ್ಕೂ ಫೋನಿಗೇ ಕಳಸ್ತೀವಿ. ಕೈಗೆ ಕೊಟ್ಟು, ಆಮ್ಯಾಲೆ ಬಿಡು ಅಂದ್ರ ಹೆಂಗ ಬಿಡ್ತಾವ್ರಿ?"

ಮಧ್ಯಾಹ್ನ ಟೀಚರ್ ಹುಡುಗಿಯರನ್ನೆಲ್ಲ ಸುತ್ತ ಕೂರಿಸಿದರು. ಗಂಗಾ ತನ್ನ ಕೈಯಾರೆ ಬಡಿಸಿದಳು. ಅಂದೂ ಸಂಜೆ ಫೋನ್ ಹಿಡಿದಳು, ಇಲ್ಲವೆನ್ನಲಾರೆ.

ಆದರೆ ಒಂದು ಭಾನುವಾರ ಬಾಗಿಲಲ್ಲಿ ದನಿ ಕೇಳಿತು: "ಲೇ ಗಂಗಾ, ಕುಂಟಾಬಿಲ್ಲಿ ಆಡಾಕ ಬಾ." ಅಂದು ಶಾಲೆಯಲ್ಲಿ ಕಡುಬು ಮತ್ತೆ ಹಾಕಿಸಿಕೊಂಡಿದ್ದ ರೇಷ್ಮಾ. ಊರಲ್ಲಿ ಇಂಥ ಕೂಗಿಗೆ ಗದರುತ್ತಿದ್ದ ನನಗೆ ಈಗ ಎದೆ ತುಂಬಿ ಬಂತು. ಅಷ್ಟರಲ್ಲೇ ಫೋನೂ ಗುಂಯ್‌ಗುಟ್ಟಿತು. ಗಂಗಾ ಬಾಗಿಲು ನೋಡಿದಳು, ಫೋನ್ ನೋಡಿದಳು. ಅದನ್ನು ಜೇಬಿಗೆ ತುರುಕಿಕೊಂಡು ಹೊರಗೆ ಓಡಿದಳು.

ಫೋನ್ ಇಟ್ಟು ಹೋಗು ಎಂಬ ಮಾತು ಬಾಯಿಗೆ ಬಂದಿತ್ತು. ಬಾದನಹಟ್ಟಿಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಳ್ಳಾರಿಯಲ್ಲಿ ಓಡಾಡುವವಳು ನಾನು, ಅವಳಿಗೆ ಏನಂತ ಹೇಳಲಿ?