ಒಲೆಯ ಮೇಲಿನ ಟಿಕಳಿ

ಹಿಂದವಾಡಿಯ ಸಣ್ಣ ಆಫೀಸೊಂದರಲ್ಲಿ ಆ್ಯಪ್‌ಗಳನ್ನು ಪರೀಕ್ಷಿಸುವುದು ನನ್ನ ಹೊಟ್ಟೆಪಾಡು. ಜನರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಿ, ಈ ಗುಂಡಿ ಕಾಣುವುದಿಲ್ಲ, ಆ ಗುಂಡಿ ಸಿಗುವುದಿಲ್ಲ ಎಂದು ಬರೆದುಕೊಡುತ್ತೇನೆ. ಸಂಜೆ ಬಸ್ಸು ಹತ್ತಿ, ಪೀರನವಾಡಿ ದಾಟಿ, ಖಾನಾಪುರದ ಮನೆಗೆ. ಮನೆಯಲ್ಲಿ ಅಪ್ಪ, ಅವ್ವ, ನಾನು.

ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಪೂರಾ ಹೋದ ಮೇಲೂ ಬೆಳಗಿನ ಚಹಾ ಮಾತ್ರ ಅವನದೇ. ಮದುವೆಯಾದಾಗಿನಿಂದ ಅವ್ವನಿಗೆ ದಿನದ ಮೊದಲ ಕಪ್ಪು ಕೊಡುತ್ತಿದ್ದವನು ಅವನು. ಒಮ್ಮೆ ಗ್ಯಾಸಿನ ಉರಿ ಅಂಗಿಯ ತೋಳಿಗೆ ಹತ್ತಿಕೊಂಡಿತು. ಆಮೇಲೆ ಅವ್ವ ಅವನನ್ನು ಗ್ಯಾಸಿನ ಹತ್ತಿರ ಬಿಡಲಿಲ್ಲ. ಅಪ್ಪ ಜಗಳವಾಡಲಿಲ್ಲ, ಎದ್ದರೂ ಹಾಸಿಗೆಯಲ್ಲೇ ಕೂತಿರತೊಡಗಿದ. ಅದನ್ನು ನೋಡುವುದು ಜಗಳಕ್ಕಿಂತ ಕಷ್ಟವಾಗಿತ್ತು.

ಉರಿಯಿಲ್ಲದ ಇಂಡಕ್ಷನ್ ಒಲೆ ಕೊಂಡುಕೊಂಡು ಬಂದೆ. ಮೈಯೆಲ್ಲ ನುಣುಪು ಗಾಜು. ಗುಂಡಿ ಎಂಬುದೇ ಇಲ್ಲ. ಗಾಜಿನಡಿಯ ಚಿತ್ರಗಳ ಮೇಲೆ ಬೆರಳಿಟ್ಟರೆ ಸಾಕು, ಕಣ್ಣಿದ್ದವರಿಗೆ. ಇದನ್ನು ಮಾಡಿದ ಪುಣ್ಯಾತ್ಮ ಒಮ್ಮೆಯಾದರೂ ಕಣ್ಣು ಮುಚ್ಚಿ ಚಹಾ ಮಾಡಿ ನೋಡಬೇಕಿತ್ತು. ಅಪ್ಪ ಗಾಜನ್ನು ಸವರಿ ಸವರಿ, "ಎಲ್ಲೈತೋ ಏನೋ, ಕೈಗೆ ಏನೂ ಹತ್ತವಲ್ದು" ಎಂದ.

ಅವ್ವ ಸ್ನಾನಕ್ಕೆ ಹೋಗುವಾಗ ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುತ್ತಿದ್ದಳು. ಕನ್ನಡಿಯ ಅಂಚಿನಲ್ಲಿ ಮಖಮಲ್ಲಿನ ಕೆಂಪು ಟಿಕಳಿಗಳ ಸಾಲೇ ಇತ್ತು. ಎರಡನ್ನು ಕಿತ್ತು ತಂದೆ.

"ಹಣಿಮ್ಯಾಲಿಂದು ಒಲಿಗೆ ಹಚ್ತಾರೇನ?" ಅವ್ವ ನಕ್ಕಳು.

ದೊಡ್ಡದನ್ನು ಒಲೆ ಹಚ್ಚಿ ಆರಿಸುವ ಕಡೆ, ಚಿಕ್ಕದನ್ನು ಕಾವು ಹೆಚ್ಚಿಸುವ ಕಡೆ ಅಂಟಿಸಿದೆ. ಮರುದಿನ ಬೆಳಿಗ್ಗೆ ಅಪ್ಪ ತಡವಿ ತಡವಿ ಒಲೆ ಹಚ್ಚಿದ. "ತಗೋ, ನಿನ್ನ ಹಣಿ ಮುಟ್ಟೇ ಚಾ ಮಾಡೇನಿ" ಎಂದು ಅವ್ವನಿಗೆ ಕಪ್ಪು ಚಾಚಿದ. ಅವ್ವ ನಾಚಿ ನನ್ನ ಕಡೆ ನೋಡಲಿಲ್ಲ.

ಕಳೆದ ಚಳಿಗಾಲದಲ್ಲಿ ಅಪ್ಪ ನಿದ್ದೆಯಲ್ಲೇ ಹೋದ. ಬಂದ ಹೆಂಗಸರು ಅವ್ವನ ಹಣೆ ಒರೆಸಿದರು. ಕನ್ನಡಿಯ ಮೇಲಿನ ಸಾಲನ್ನೂ ಉಗುರಿನಿಂದ ಕೆರೆದು ತೆಗೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಒಳಗೆಲ್ಲ ಜೋಮು ಹಿಡಿದಂತಿತ್ತು. ರಜೆ ಮುಗಿದ ಮೇಲೆ ಆಫೀಸಿಗೆ ಹೋದೆ, ಗುಂಡಿಗಳ ತಪ್ಪು ಹುಡುಕಿದೆ, ಬಸ್ಸು ಹತ್ತಿ ಬಂದೆ. ಕೇಳಿದವರಿಗೆ ಆರಾಮ ಇದ್ದೇನೆ ಎಂದೆ. ಅಳು ಬರಲೇ ಇಲ್ಲ. ಅವ್ವ ಬೆಳಗಿನ ಚಹಾ ಬಿಟ್ಟುಬಿಟ್ಟಳು.

ಇಂಡಕ್ಷನ್ ಒಲೆಯ ಕಡೆ ಮಾತ್ರ ಯಾರೂ ನೋಡಿರಲಿಲ್ಲ. ನಮ್ಮ ಜೊತೆ ಉಳಿದುಕೊಂಡಿದ್ದ ಅಪ್ಪನ ತಂಗಿ ಒಂದು ಬೆಳಿಗ್ಗೆ ಅದನ್ನು ಒರೆಸುತ್ತ ನಿಂತುಬಿಟ್ಟಳು.

"ವೈನಿ, ಇಲ್ಲಿ ಇನ್ನೂ ಎರಡ ಟಿಕಳಿ ಉಳದಾವ. ಮನ್ಯಾಗ ಇಟಗೋಬಾರದ್ರಿ. ತೆಗೀಲೇನು?"

ಅವಳ ಉಗುರು ಆಗಲೇ ದೊಡ್ಡ ಟಿಕಳಿಯ ಅಂಚಿನಲ್ಲಿತ್ತು.

"ಒಲಿ ಗಂಡ ಏನ ಸತ್ತಿಲ್ಲಲ್ಲ" ಎಂದಳು ಅವ್ವ. "ಇರಲಿ ಬಿಡು."

ಅತ್ತೆ ಕೈ ತೆಗೆದಳು. ಅವ್ವ ಎದ್ದು ಬಂದು ಪಾತ್ರೆಯಲ್ಲಿ ನೀರಿಟ್ಟು, ಟಿಕಳಿಯ ಮೇಲೆ ಬೆರಳಿಟ್ಟಳು. ಒಲೆ ಕುಂಯ್ ಎಂದಿತು. ಅಪ್ಪ ಹೋದ ಮೇಲೆ ಮೊದಲ ಸಲ ಬೆಳಗಿನ ಚಹಾವನ್ನು ತಾನೇ ಮಾಡಿಕೊಂಡಳು.